ನೀರು ಕಟ್ಟಿದ ರಾಯ
ಶ್ರೀಕೃಷ್ಣದೇವರಾಯನ ಜೀವನ ಮತ್ತು ನಮ್ಮ ಕಾಲುವೆಗಳು



ನಮ್ಮ ನೀರು ಬಳಕೆದಾರರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಈ ಬೆಳ್ಳಿ ಹಬ್ಬದ ಸಂಚಿಕೆಗೆ ಒಬ್ಬ ಮಹಾಪುರುಷರ ಜೀವನ ಚರಿತ್ರೆ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕಮಲಾಪುರದ ನಾವು ಬೇರೆ ಯಾರನ್ನು ಹುಡುಕಿಕೊಂಡು ಹೋಗಬೇಕು? ನಮ್ಮ ಎತ್ತುಗಳು ನಡೆದಾಡುವ ದಾರಿಯೇ ಶ್ರೀಕೃಷ್ಣದೇವರಾಯನು ನಡೆದ ದಾರಿ. ರಾಯನ ಯುದ್ಧಗಳು, ಆನೆ ಕುದುರೆ, ಅಷ್ಟದಿಗ್ಗಜರು, ತೆನಾಲಿ ರಾಮಕೃಷ್ಣನ ಕತೆಗಳು ಶಾಲೆ ಮಕ್ಕಳಿಗೂ ಗೊತ್ತಿವೆ. ಅವನು ನೀರಿಗಾಗಿ ಏನು ಮಾಡಿದ, ಅದರಲ್ಲಿ ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ಮಾತ್ರ ನಾವು ಒಕ್ಕಲುತನದವರು ತಿಳಿದುಕೊಂಡಿರುವುದು ಕಡಿಮೆ. ಆದ್ದರಿಂದ ರಾಯನ ಚರಿತ್ರೆಯನ್ನು ನೀರಿನ ಕಡೆಯಿಂದ ಹೇಳಬೇಕೆಂದು ಈ ಪ್ರಯತ್ನ.

ಕೃಷ್ಣದೇವರಾಯನು ತುಳುವ ವಂಶದವನು. ತಂದೆ ತುಳುವ ನರಸನಾಯಕ. ಸಾಳುವ ನರಸಿಂಹನ ಕೈಕೆಳಗೆ ದಂಡನಾಯಕನಾಗಿದ್ದು, ಮುಂದೆ ರಾಜ್ಯದ ಆಡಳಿತವನ್ನೇ ವಹಿಸಿಕೊಂಡಿದ್ದವನು. ತಾಯಿ ನಾಗಲಾದೇವಿ. ನರಸನಾಯಕನ ನಂತರ ಹಿರಿಯ ಮಗ ವೀರನರಸಿಂಹನು ರಾಜ್ಯವಾಳಿದ. ಅವನು ಕೃಷ್ಣದೇವರಾಯನಿಗೆ ಮಲ ಅಣ್ಣ. ಈ ಅಣ್ಣ ಸಾಯುವ ಕಾಲಕ್ಕೆ ತನ್ನ ಚಿಕ್ಕ ಮಗನಿಗೇ ಪಟ್ಟ ಸಿಗಬೇಕೆಂದು, ತಮ್ಮನ ಕಣ್ಣು ಕೀಳಿಸಿಬಿಡು ಅಂತ ಮಂತ್ರಿ ಸಾಳುವ ತಿಮ್ಮರಸನಿಗೆ ಆಜ್ಞೆ ಮಾಡಿದನಂತೆ. ತಿಮ್ಮರಸನು ಹುಡುಗನನ್ನು ಬಚ್ಚಿಟ್ಟು, ಆಡಿನ ಕಣ್ಣು ತಂದು ತೋರಿಸಿ ಉಳಿಸಿದನಂತೆ. ಈ ಕತೆಯನ್ನು ಪೋರ್ಚುಗೀಸರ ನೂನಿಜ್ ಎಂಬ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಕತೆ ಹೇಗೇ ಇರಲಿ, 1509ರಲ್ಲಿ ಕೃಷ್ಣದೇವರಾಯನು ಪಟ್ಟಕ್ಕೆ ಬಂದದ್ದು ತಿಮ್ಮರಸನ ಬೆಂಬಲದಿಂದ. ರಾಯನು ಅವನನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದ. ಪಟ್ಟಾಭಿಷೇಕದ ನೆನಪಿಗಾಗಿ ಹಂಪಿ ವಿರೂಪಾಕ್ಷನ ಗುಡಿಯಲ್ಲಿ ರಂಗಮಂಟಪ, ಗೋಪುರದ ಕೆಲಸ ಮಾಡಿಸಿದ್ದನ್ನು 1510ರ ಶಾಸನ ಹೇಳುತ್ತದೆ.

ರಾಯನು ಪಟ್ಟಕ್ಕೆ ಬರುವ ಹೊತ್ತಿಗೆ ಈ ಸೀಮೆಯವರಿಗೆ ನೀರು ಕಟ್ಟುವುದು ಹೊಸ ವಿದ್ಯೆ ಆಗಿರಲಿಲ್ಲ. 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ದೊಡ್ಡ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಯಾವುವು, ಕೆರೆಗೆ ಬರುವ ಆರು ದೋಷಗಳು ಯಾವುವು ಅಂತ ಆ ಕಲ್ಲಿನ ಮೇಲೇ ಬರೆದಿದೆ. ಆ ಕೆಲಸಕ್ಕೆ ದಿನಾ 1000 ಆಳು, 100 ಬಂಡಿ ಹಿಡಿದು ಎರಡು ವರ್ಷ ಬೇಕಾಯಿತಂತೆ. 1388ರಲ್ಲಿ ಪೆನುಕೊಂಡೆಗೆ ಹೆನ್ನೆ ಹೊಳೆಯ ನೀರು ತರಲಿಕ್ಕೆ ಸಿಂಗಾಯಭಟ್ಟ ಎಂಬ ಜಲಸೂತ್ರದವನಿಗೆ ಆಜ್ಞೆಯಾಗಿ, ಅವನು ಕಾಲುವೆ ತೋಡಿಸಿದ. ಜಲಸೂತ್ರ ಎಂದರೆ ಈಗಿನ ಭಾಷೆಯಲ್ಲಿ ನೀರಾವರಿ ಇಂಜಿನಿಯರಿಕೆ. ನಮ್ಮ ತುಂಗಭದ್ರೆಗೇ ಅಡ್ಡಲಾಗಿ ಅಣೆ ಕಟ್ಟಿಸಿ ರಾಜಧಾನಿಗೆ ಕಾಲುವೆ ತಂದವನು ಒಂದನೇ ದೇವರಾಯ.

ಆ ಕಾಲದ ಇನ್ನೊಂದು ಸಂಗತಿಯನ್ನು ನಮ್ಮ ಸಂಘದ ಸದಸ್ಯರು ತಪ್ಪದೆ ತಿಳಿಯಬೇಕು. 1410ರಲ್ಲಿ ಹರಿಹರದಲ್ಲಿ ಹರಿದ್ರಾ ಹೊಳೆಗೆ ಅಣೆ ಕಟ್ಟಿ ಹರಿಹರೇಶ್ವರ ದೇವರ ಭೂಮಿಗೆ ಕಾಲುವೆ ತಂದರು. ಕಾಲುವೆಗೆ ಹಣ ಹಾಕಿದವರು ಊರಿನ ಬ್ರಾಹ್ಮಣರು, ಭೂಮಿ ದೇವರದು. ಆಗ ಎರಡೂ ಕಡೆಯವರು ಕೂತು ಒಂದು ಕರಾರು ಮಾಡಿಕೊಂಡರು. ನೀರು ಹತ್ತಿದ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಾಲುವೆ ತೋಡಿಸಿದವರಿಗೆ. ಮುಂದೆ ಖರ್ಚು ಬಂದರೂ ಇದೇ ಲೆಕ್ಕ: ಎರಡು ಪಾಲು ದೇವಸ್ಥಾನದ ಭಂಡಾರದಿಂದ, ಒಂದು ಪಾಲು ಅವರಿಂದ. ಹದಿನಾಲ್ಕು ವರ್ಷದ ಮೇಲೆ, 1424ರ ಹೊತ್ತಿಗೆ, ಅಣೆ ಒಡೆಯಿತು. ಒಡೆದದ್ದನ್ನು ಬಿಟ್ಟು ಹೋಗದೆ ದಂಡನಾಯಕನೊಬ್ಬನ ಹಣದ ಸಹಾಯ ಪಡೆದು ಮತ್ತೆ ಕಟ್ಟಿಸಿದರು. ನೀರಿನ ಪಾಲು ಎಷ್ಟೋ ದುರಸ್ತಿಯ ಪಾಲೂ ಅಷ್ಟು ಎಂಬ ಈ ಮಾತು ಆರುನೂರು ವರ್ಷ ಹಳೆಯದು. ಸಂಘ ಎಂಬ ಹೆಸರು ಆಗ ಇರಲಿಲ್ಲ, ಅಷ್ಟೇ.

ಹಳ್ಳಿಗಳಲ್ಲಿ ಕೆರೆ ನೋಡಿಕೊಳ್ಳುವುದಕ್ಕೂ ವ್ಯವಸ್ಥೆ ಇತ್ತು. ಕೆರೆ ಕಟ್ಟಿಸಿದವರಿಗೆ, ಕಾಲಕಾಲಕ್ಕೆ ದುರಸ್ತಿ ಮಾಡಿಸುವವರಿಗೆ ಕೆರೆ ಕೆಳಗಿನ ಗದ್ದೆಯಲ್ಲಿ ಸ್ವಲ್ಪ ಭಾಗವನ್ನು ಮಾನ್ಯವಾಗಿ ಬಿಡುತ್ತಿದ್ದರು. ಇದಕ್ಕೆ ದಶವಂದ ಎಂದೂ ಕಟ್ಟುಕೊಡಗೆ ಎಂದೂ ಹೆಸರು. ಹೂಳು ಹೊರುವ ಬಂಡಿಗೂ ಎತ್ತುಗಳಿಗೂ ಭೂಮಿ ಬಿಟ್ಟ ಶಾಸನಗಳಿವೆ. ಕೆರೆ ಕಟ್ಟಿದ ಪುಣ್ಯ ಒಬ್ಬನದಾದರೆ ಹೂಳು ತೆಗೆದ ಪುಣ್ಯ ಅದಕ್ಕೇನೂ ಕಡಿಮೆಯಲ್ಲ ಎಂದು ಆ ಕಾಲದವರು ತಿಳಿದಿದ್ದರು. ರಾಯನಿಗೆ ರಾಜ್ಯದ ಜೊತೆ ಬಂದ ಆಸ್ತಿಯಲ್ಲಿ ಈ ತಿಳಿವಳಿಕೆಯೂ ಒಂದು.

ರಾಯನ ಮೊದಲ ಹತ್ತು ಹನ್ನೊಂದು ವರ್ಷ ಹೆಚ್ಚಾಗಿ ಕುದುರೆಯ ಮೇಲೆಯೇ ಕಳೆಯಿತು. ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿದ. ಒರಿಸ್ಸಾದ ಗಜಪತಿಯ ಮೇಲೆ ದಂಡೆತ್ತಿ ಹೋಗಿ, ಉದಯಗಿರಿ ದುರ್ಗವನ್ನು ವರ್ಷಕ್ಕಿಂತ ಹೆಚ್ಚು ಕಾಲ ಮುತ್ತಿ ಗೆದ್ದ. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹಕ್ಕಾಗಿ ಹಂಪಿಯ ಕೃಷ್ಣ ದೇವಸ್ಥಾನ ಕಟ್ಟಿಸಿ 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಅದೇ ವರ್ಷ ಕೊಂಡವೀಡು ಕೈಸೇರಿತು. ಸಿಂಹಾಚಲದ ತನಕ ಹೋಗಿ ಬಂದ ಮೇಲೆ ಗಜಪತಿಯೊಡನೆ ಸಂಧಿಯಾಯಿತು. 1520ರಲ್ಲಿ ರಾಯಚೂರಿನ ಯುದ್ಧದಲ್ಲಿ ಬಿಜಾಪುರದ ಸುಲ್ತಾನ ಸೋತ. ಇವೆಲ್ಲ ಪುಸ್ತಕದಲ್ಲಿ ವಿಸ್ತಾರವಾಗಿ ಸಿಗುತ್ತವೆ, ನಾವು ಇಲ್ಲಿ ಬೆಳೆಸುವುದಿಲ್ಲ. ಇಷ್ಟು ದೊಡ್ಡ ದಂಡು ಸಾಕಬೇಕಾದರೆ ಭತ್ತ ಬೇಕು, ಭತ್ತಕ್ಕೆ ನೀರು ಬೇಕು. ರಾಜಧಾನಿ ಇದ್ದದ್ದು ಬಂಡೆಗಲ್ಲಿನ ನಾಡಿನಲ್ಲಿ, ಅಷ್ಟಕ್ಕಷ್ಟೇ ಮಳೆ ಬೀಳುವ ಸೀಮೆಯಲ್ಲಿ. ಬರೀ ಮಳೆ ನಂಬಿದರೆ ಆ ಪಟ್ಟಣ ಒಂದು ಬರಗಾಲವನ್ನೂ ದಾಟುವಂತಿರಲಿಲ್ಲ.

ರಾಯನೇ ಬರೆದ ಆಮುಕ್ತಮಾಲ್ಯದ ಎಂಬ ತೆಲುಗು ಕಾವ್ಯದಲ್ಲಿ ರಾಜನೀತಿಯ ಭಾಗವೊಂದಿದೆ. ರಾಜ್ಯ ಚಿಕ್ಕದಾದರೂ ಚಿಂತೆಯಿಲ್ಲ, ಅರಸನಾದವನು ಕೆರೆ ಕಾಲುವೆ ಕಟ್ಟಿಸಿ, ಬಡ ಒಕ್ಕಲಿಗನಿಗೆ ಕಂದಾಯ ಕಡಿಮೆ ಮಾಡಿ ಅವನನ್ನು ಮೇಲೆತ್ತಿದರೆ ಧರ್ಮವೂ ಹಣವೂ ತಾವಾಗಿ ಬೆಳೆಯುತ್ತವೆ ಎಂಬುದು ಅದರ ತಾತ್ಪರ್ಯ. ಇಂಥ ಮಾತನ್ನು ಬರೆದ ಅರಸರು ಬೇರೆಯವರೂ ಇದ್ದಾರು. ರಾಯನು ಅದನ್ನು ಮಾಡಿಯೂ ತೋರಿಸಿದ.

ಅವನ ಅತಿ ದೊಡ್ಡ ನೀರಿನ ಕೆಲಸ ನಮ್ಮ ಹೊಸಪೇಟೆಯ ಹತ್ತಿರವೇ ನಡೆಯಿತು. ಹೊಸಪೇಟೆಗೆ ಆಗ ನಾಗಲಾಪುರ ಎಂದು ಹೆಸರು. ತಾಯಿ ನಾಗಲಾದೇವಿಯ ಹೆಸರಿನಲ್ಲಿ ರಾಯನು ಆ ಪಟ್ಟಣ ಕಟ್ಟಿಸಿದನೆಂದು ಪ್ರತೀತಿ. ಅಲ್ಲಿಂದ ದಕ್ಷಿಣಕ್ಕೆ, ಸಂಡೂರು ಬೆಟ್ಟಗಳ ಕಣಿವೆಯ ಬಾಯಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ಒಂದು ಸಮುದ್ರದಂಥ ಕೆರೆ ಮಾಡಬೇಕೆಂದು ಅವನು ಸಂಕಲ್ಪ ಮಾಡಿದ. ಎರಡೂ ಗುಡ್ಡದ ಮಳೆ ನೀರು ಅಲ್ಲಿ ನಿಲ್ಲಬೇಕು. ಅದು ಸಾಲದೆ ಮೂರು ಹರದಾರಿಗಿಂತ ದೂರದ ಇನ್ನೊಂದು ಕೆರೆಯ ನೀರನ್ನೂ ಬೆಟ್ಟದ ಬುಡದಗುಂಟ ತರಬೇಕು. ಇದೇ ರಾಯರ ಕೆರೆ.

ಈ ಕೆಲಸ ನಡೆಯುವಾಗ ಡೊಮಿಂಗೊ ಪೇಸ್ ಎಂಬ ಪೋರ್ಚುಗೀಸ ಪ್ರವಾಸಿ ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಆಳು ಕೆಲಸ ಮಾಡುತ್ತಿದ್ದು, ಕಾಲಿಡುವ ನೆಲವೇ ಕಾಣದಂತೆ ಇರುವೆ ಮುತ್ತಿದ ಹಾಗೆ ಅವನಿಗೆ ಕಂಡಿತಂತೆ. ರಾಯನು ಕೆಲಸವನ್ನು ನಾಯಕರಿಗೆ ಪಾಲು ಹಾಕಿ ಕೊಟ್ಟಿದ್ದ. ಒಬ್ಬೊಬ್ಬ ನಾಯಕನೂ ತನ್ನ ಆಳುಗಳಿಂದ ತನ್ನ ಪಾಲಿನ ಏರಿ ಮುಗಿಸಬೇಕು. ಗೋವೆಯಿಂದ ಜೊವಾವೊ ದ ಲ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಸಹ ಕರೆಸಿಕೊಂಡಿದ್ದ. ನಮ್ಮ ಜಲಸೂತ್ರದವರ ಜೊತೆಗೆ ಹೊರಗಿನ ಕುಶಲಿಯನ್ನೂ ಸೇರಿಸಿಕೊಳ್ಳಲು ರಾಯನಿಗೆ ಸಂಕೋಚವಿರಲಿಲ್ಲ.

ಆದರೂ ಕೆರೆ ಸುಲಭಕ್ಕೆ ನಿಲ್ಲಲಿಲ್ಲ. ಎರಡು ಮೂರು ಸಲ ಏರಿ ಒಡೆಯಿತು. ಆಗ ಶಾಸ್ತ್ರ ಹೇಳುವವರ ಮಾತು ಕೇಳಿ ಅರವತ್ತು ಮಂದಿಯನ್ನು, ಜೊತೆಗೆ ಕುದುರೆ ಕೋಣಗಳನ್ನು ಬಲಿ ಕೊಡಿಸಿದನೆಂದು ಪೇಸ್ ಬರೆದಿದ್ದಾನೆ. ಸಾಯಿಸಿದ್ದು ಮರಣದಂಡನೆಯಾಗಿದ್ದ ಕೈದಿಗಳನ್ನು ಎಂದು ನೂನಿಜ್ ಬರೆದಿದ್ದಾನೆ. ಓದಿದರೆ ಮೈ ಜುಂ ಎನ್ನುತ್ತದೆ. ರಾಯನನ್ನು ಎಷ್ಟೇ ಗೌರವಿಸಿದರೂ ಇದನ್ನು ಮುಚ್ಚಿಡುವುದು ಸರಿಯಲ್ಲ ಅಂತ ನಮ್ಮ ಅಭಿಪ್ರಾಯ. ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಾವು ಏರಿ ನೋಡಿ ರಾಯನಿಗೆ ಕೈ ಮುಗಿಯುವಾಗ ಅವರಿಗೂ ಒಂದು ಸಲ ಮುಗಿಯಬೇಕು.

ಏರಿ ನಿಂತ ಮೇಲೆ ರಾಯನು ಮಾಡಿದ ಕೆಲಸವನ್ನು ನೂನಿಜ್ ಹೇಳುತ್ತಾನೆ. ಏರಿಯ ಅಡಿಯಲ್ಲಿ ತೂಬುಗಳನ್ನಿಡಿಸಿ, ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವಂತೆ ಮಾಡಿಸಿದ. ಆ ನೀರಿಂದ ಗದ್ದೆ ತೋಟಗಳಿಗೆ ಕಾಲುವೆಗಳಾದವು. ಆ ಮೇಲೆ, ಈ ನೀರು ಹತ್ತುವ ಭೂಮಿಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟ. ಒಕ್ಕಲುತನ ಮಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕಾಲುವೆ ಬಂದ ಮಾತ್ರಕ್ಕೆ ಹೊಲ ಗದ್ದೆಯಾಗುವುದಿಲ್ಲ ನೋಡ್ರಿ. ದಿಬ್ಬ ಕಡಿಯಬೇಕು, ತಗ್ಗು ತುಂಬಬೇಕು, ಮಡಿ ಕಟ್ಟಬೇಕು, ಬಸಿಗಾಲುವೆ ತೆಗೆಯಬೇಕು. ನಾಲ್ಕೈದು ವರ್ಷ ಕೈಯಿಂದಲೇ ಹೋಗುತ್ತದೆ. ಆ ಸಮಯದಲ್ಲಿ ಕಂದಾಯ ಕೇಳಿದರೆ ರೈತ ಸಾಲದಲ್ಲಿ ಮುಳುಗುತ್ತಾನೆ. ರಾಯನು ಕಾದ. ನೂನಿಜ್ ಬರೆಯುವ ಹೊತ್ತಿಗೆ, ಅಂದರೆ 1535ರ ಸುಮಾರಿಗೆ, ಆ ಭೂಮಿಯಿಂದ ಇಪ್ಪತ್ತು ಸಾವಿರ ಪರ್ದಾವೊ ಹುಟ್ಟುವಳಿ ಬರುತ್ತಿತ್ತಂತೆ. ಪರ್ದಾವೊ ಎಂದರೆ ನಮ್ಮ ವರಹ.

ಹಾಗಂತ ಆ ಕಾಲದ ರೈತರೆಲ್ಲ ಹಾಲು ತುಪ್ಪದಲ್ಲಿ ಕೈ ತೊಳೆಯುತ್ತಿದ್ದರು ಅಂತ ತಿಳಿಯಬಾರದು. ಬೆಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಯಕರಿಗೇ ಹೋಗುತ್ತಿತ್ತೆಂದು ಇದೇ ನೂನಿಜ್ ಬರೆದಿದ್ದಾನೆ. ಅದು ಸ್ವಲ್ಪ ಹೆಚ್ಚು ಮಾಡಿ ಹೇಳಿದ ಮಾತೇ ಇರಲಿ, ದುಡಿದವನಿಗೆ ಉಳಿಯುತ್ತಿದ್ದದ್ದು ಕಡಿಮೆಯೇ. ನೀರಿಗೆ ಯಜಮಾನ ಒಬ್ಬನಾದರೆ ಬೆಳೆಗೂ ಅವನೇ ಯಜಮಾನ ಆಗುತ್ತಾನೆ.

ರಾಯನ ಇನ್ನೊಂದು ಕೆಲಸ 1521ರದು. ತುಂಗಭದ್ರೆಗೆ ಕೊರ್ರಗಲ್ಲಿನಲ್ಲಿ ಅಣೆ ಕಟ್ಟಿಸಿ ಬಸವಣ್ಣ ಕಾಲುವೆ ತೆಗೆಸಿದ. ರಾಯರ ಕೆರೆಯಷ್ಟು ಸುದ್ದಿ ಇದಕ್ಕಿಲ್ಲ. ಹೊಳೆಯಲ್ಲಿ ದೊಡ್ಡ ದೊಡ್ಡ ಕಲ್ಲು ಇಟ್ಟು, ನೀರನ್ನು ತುಸು ಎತ್ತರಿಸಿ ಪಕ್ಕಕ್ಕೆ ತಿರುಗಿಸುವ ಕಟ್ಟೆ ಅದು. ಪ್ರವಾಹ ಬಂದರೆ ನೀರು ಮೇಲೆ ಹಾಯ್ದು ಹೋಗುತ್ತದೆ. ನಾಲ್ಕು ಕಲ್ಲು ಸರಿದರೆ ಬೇಸಿಗೆಯಲ್ಲಿ ಮತ್ತೆ ಇಡಬಹುದು. ತುರ್ತಾ, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳ ಅಣೆಗಳೂ ಇದೇ ಮಾದರಿಯವು.

ರಾಯನ ಕೊನೆ ವರ್ಷಗಳು ಸುಖದವಲ್ಲ. ಆರು ವರ್ಷದ ಮಗ ತಿರುಮಲನಿಗೆ 1524ರಲ್ಲಿ ಪಟ್ಟ ಕಟ್ಟಿದ. ಮಗು ಸ್ವಲ್ಪ ಕಾಲದಲ್ಲೇ ತೀರಿಕೊಂಡಿತು. ತಿಮ್ಮರಸನ ಕಡೆಯವರೇ ವಿಷ ಹಾಕಿಸಿದರೆಂದು ಯಾರೋ ಕಿವಿ ಕಚ್ಚಿದರು. ರಾಯನು ತಿಮ್ಮರಸನನ್ನು ಸೆರೆಗೆ ಹಾಕಿಸಿ ಕಣ್ಣು ಕೀಳಿಸಿದನೆಂದು ನೂನಿಜ್ ಹೇಳುತ್ತಾನೆ. ಯಾರು ತನ್ನ ಕಣ್ಣು ಉಳಿಸಿದನೋ ಅವನ ಕಣ್ಣೇ ಹೋಯಿತು. ಎಂಥ ದೊಡ್ಡ ಮನುಷ್ಯನಾದರೂ ಸಂಶಯ ಹೊಕ್ಕರೆ ಬುದ್ಧಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. 1528ರಲ್ಲಿ ಹಂಪಿಯ ಉಗ್ರನರಸಿಂಹನ ವಿಗ್ರಹ ಮಾಡಿಸಿದ. ಮರು ವರ್ಷ ರಾಯನು ಕಾಲವಾದ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ ಸಿಕ್ಕ ಶಾಸನದಿಂದ ಅವನು ತೀರಿಕೊಂಡದ್ದು 1529ರ ಅಕ್ಟೋಬರ್ 17ರಂದು ಎಂದು ತಿಳಿಯುತ್ತದೆ. ತಮ್ಮ ಅಚ್ಯುತರಾಯ ಪಟ್ಟಕ್ಕೆ ಬಂದ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿಯೇ ಹಾಳಾಯಿತು. ಅರಮನೆ ಸುಟ್ಟು ಹೋಯಿತು, ಪೇಟೆ ಬಯಲಾಯಿತು.

ನಮ್ಮ ಲೇಖನದ ಮುಖ್ಯ ವಿಷಯ ಇಲ್ಲಿಂದ ಶುರುವಾಗುತ್ತದೆ. ರಾಯನು ಇಪ್ಪತ್ತು ಸಾವಿರ ಆಳು ಹಚ್ಚಿ ಕಟ್ಟಿಸಿದ ಕೆರೆ ಏನಾಯಿತು? ಹೊಸಪೇಟೆಯವರಿಗೆ ಗೊತ್ತಿದೆ. ಏರಿ ಇಂದೂ ಗುಡ್ಡದಂತೆ ನಿಂತಿದೆ. ಕೆರೆಯಂಗಳ ಮಾತ್ರ ಬಹಳ ಕಾಲದಿಂದ ಹೊಲವಾಗಿದೆ. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್, ಈ ಕೆರೆ ಹೆಚ್ಚು ಉಪಯೋಗಕ್ಕೆ ಬಂದಂತೆ ಕಾಣುವುದಿಲ್ಲ ಎಂದು ನೂರು ವರ್ಷಕ್ಕೂ ಹಿಂದೆಯೇ ಬರೆದ. ಅದೇ ರಾಯನ ಬಸವಣ್ಣ ಕಾಲುವೆ, ಅವನಿಗಿಂತ ಹಿಂದಿನವರ ತುರ್ತಾ ಕಾಲುವೆ ಇವತ್ತಿಗೂ ಹರಿಯುತ್ತಿವೆ. ನಮ್ಮ ಕಮಲಾಪುರದ ಕೆರೆ ಒಂದು ಕಾಲಕ್ಕೆ ಅರಮನೆ ಆವರಣಕ್ಕೆ ನೀರು ಕೊಟ್ಟದ್ದು. ಅರಮನೆಯ ಅಡಿಪಾಯ ಮಾತ್ರ ಉಳಿದಿದೆ, ಕೆರೆಯಲ್ಲಿ ನೀರಿದೆ.

ಇದಕ್ಕೆ ಕಾರಣ ನಮಗೆ ತೋಚಿದ ಮಟ್ಟಿಗೆ ಎರಡು. ಹೊಳೆ ಕಾಲುವೆಗೆ ಹೊಳೆ ಇದೆ, ಗುಡ್ಡದ ಕೆರೆಗೆ ಮಳೆಯೊಂದೇ ಗತಿ. ಇದು ಒಂದು. ಎರಡನೆಯದು, ದೊಡ್ಡ ಏರಿಯನ್ನು ಕಟ್ಟಲಿಕ್ಕೂ ನೋಡಿಕೊಳ್ಳಲಿಕ್ಕೂ ಅರಸನ ಭಂಡಾರವೇ ಬೇಕು. ಅರಸ ಹೋದ, ಹೂಳು ತುಂಬಿತು. ಕಾಲುವೆಯನ್ನಾದರೆ ಅದರ ನೀರು ಕುಡಿಯುವ ಊರಿನವರು ಸಲಿಕೆ ಬುಟ್ಟಿ ಹಿಡಿದು ವರ್ಷಾ ವರ್ಷಾ ಶುಚಿ ಮಾಡಬಹುದಿತ್ತು, ಮಾಡಿದರು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿ ಸರಕಾರದ ಕೈಗೆ ಬಂದಾಗಲೂ ಕಾಲುವೆಗಳು ಇದ್ದವು. ಊರವರು ಸೇರಿ ಹೂಳೆತ್ತಿ ಒಡ್ಡು ಕಟ್ಟುವ ಈ ಪದ್ಧತಿಗೆ ಮದ್ರಾಸ್ ಸೀಮೆಯಲ್ಲಿ ಕುಡಿಮರಾಮತ್ ಎಂದು ಹೆಸರಿತ್ತು. 1858ರಲ್ಲಿ ಅದನ್ನು ಕಾಯ್ದೆಯನ್ನಾಗಿಯೂ ಮಾಡಿದರು. ಆದರೆ ಕಾಲುವೆಯ ಯಜಮಾನಿಕೆಯೆಲ್ಲ ಇಲಾಖೆಗೆ ಹೋಗಿ, ರೈತನಿಗೆ ಬರೀ ದುಡಿಮೆ ಉಳಿದಾಗ ಜನ ಹಿಂದೆ ಸರಿದರು. ಕೇಳುವ ಹಕ್ಕಿಲ್ಲದ ಕಡೆ ಸಲಿಕೆ ಹಿಡಿಯಲು ಯಾರು ಬರುತ್ತಾರೆ?

ಮುಂದಿನದು ನಮ್ಮ ಹಿರಿಯರು ಕಂಡ ಕಾಲ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕೊರ್ರಗಲ್ ಅಣೆ ಹಿನ್ನೀರಿನಲ್ಲಿ ಮುಳುಗಿತು. ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ಏರ್ಪಾಡಾಯಿತು. ಹಳೆಯ ಕಾಲುವೆಗೆ ಹೊಸ ಅಣೆಕಟ್ಟಿನ ಬಲ ಬಂತು. ಇನ್ನು ನೀರಿಗೆ ಕೊರತೆ ಇಲ್ಲವೆಂದು ಎಲ್ಲರೂ ತಿಳಿದರು. ಕಬ್ಬು, ಬಾಳೆ, ಎರಡು ಬೆಳೆ ಭತ್ತ ಎಲ್ಲಾ ಬಂದವು.

ಈಗ ಲೆಕ್ಕ ಬದಲಾಗಿದೆ. ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಲೆಕ್ಕಕ್ಕೆ ಉಳಿದಿರುವುದು ಸುಮಾರು 105 ಟಿಎಂಸಿ. ಭೂಮಿಯ ತಾಪ ಏರಿ ಮಳೆಯ ರೀತಿಯೇ ಬೇರೆಯಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ವಾರಗಟ್ಟಲೆ ಬೀಳಬೇಕಾದ ಮಳೆ ಎರಡು ದಿನದಲ್ಲಿ ಸುರಿಯುತ್ತದೆ, ಆಮೇಲೆ ತಿಂಗಳು ಮುಗಿಲು ನೋಡಬೇಕು. ಬಿಸಿಲು ಹೆಚ್ಚಾದಷ್ಟೂ ನಿಂತ ನೀರು ಆರುತ್ತದೆ, ಬೆಳೆಯೂ ಹೆಚ್ಚು ಕುಡಿಯುತ್ತದೆ. ನಮ್ಮ ಅನುಭವವೂ ಅದೇ. 2019ರ ಆಗಸ್ಟಿನಲ್ಲಿ ಹಂಪಿಯ ಮಂಟಪಗಳು ನೀರಿನಲ್ಲಿ ನಿಂತವು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಎಂದು ಸರಕಾರವೇ ಘೋಷಿಸಿತು. ಮರುವರ್ಷ ಜಲಾಶಯ ತುಂಬಿತು ಎಂದು ಸಂತೋಷ ಪಡುವಷ್ಟರಲ್ಲಿ, 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿ ಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದ ಕನ್ನಯ್ಯ ನಾಯ್ಡು ಅವರನ್ನೂ ಆ ಕೆಲಸಗಾರರನ್ನೂ ನಮ್ಮ ಭಾಗದವರು ಮರೆಯುವಂತಿಲ್ಲ. 2025ರಲ್ಲಿ ಗೇಟುಗಳ ಕಾರಣದಿಂದ 80 ಟಿಎಂಸಿ ಮಾತ್ರ ನಿಲ್ಲಿಸಿಕೊಳ್ಳಬೇಕಾಯಿತು. ಬರವಾದರೂ ಕೊರತೆ, ತುಂಬಿದರೂ ಕೊರತೆ ಎಂಬ ಕಾಲ ಬಂದಿದೆ.

ಕೊರತೆ ಬಂದಾಗ ಏನಾಗುತ್ತದೆ ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದವರ ಬಾಳೆಗೆ ನೀರು ಹತ್ತುತ್ತದೆ, ಕೆಳಭಾಗದವರ ಭತ್ತ ಹೊಡೆ ತುಂಬುವ ಹೊತ್ತಿಗೆ ಗದ್ದೆ ಬಿರಿಯುತ್ತದೆ. ರಾತ್ರಿ ತೂಬು ಎತ್ತುತ್ತಾರೆ, ಬೆಳಿಗ್ಗೆ ಲಸ್ಕರನ ಮೇಲೆ ಜಗಳ. ಅವನು ದುಡ್ಡು ತಿಂದ, ಇವನು ಕದ್ದ ಅಂತ ಮಾತು ಹುಟ್ಟುತ್ತದೆ. ತಿಮ್ಮರಸನ ಕಣ್ಣು ತೆಗೆಸಿದ್ದು ಇಂಥ ಮಾತೇ.

2000ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಸ್ಥಾನ ಸಿಕ್ಕಿತು. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಲದ ಕಷ್ಟಕ್ಕೆ ಸಹಕಾರ ಸಂಘ ಕಟ್ಟಿದರು. ಅದೇ ಸಹಕಾರ ಈಗ ನೀರಿಗೂ ಬಂದಿದೆ. ಅಂದರೆ ಕುಡಿಮರಾಮತ್ತಿನಲ್ಲಿ ಕಳೆದುಹೋಗಿದ್ದ ಕೇಳುವ ಹಕ್ಕು ಮತ್ತೆ ನಮ್ಮ ಕೈಗೆ ಬಂದಿದೆ. ಈಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣವೂ ನಡೆಯಿತು. ಸಿಮೆಂಟಿನ ಕಾಲುವೆ ನೀರನ್ನು ಬೇಗ ತರುತ್ತದೆ, ಆದರೆ ಹಂಚುವ ಬುದ್ಧಿಯನ್ನು ಸಿಮೆಂಟು ಕೊಡುವುದಿಲ್ಲ. ಅದು ಸಭೆಯಲ್ಲೇ ಆಗಬೇಕು.

ಆದ್ದರಿಂದ ರಾಯನ ಚರಿತ್ರೆಯಿಂದ ನಮ್ಮ ಸಂಘ ಏನು ತೆಗೆದುಕೊಳ್ಳಬಹುದು ಎಂದು ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಹರಿಹರದವರ ಕರಾರಿನಂತೆ, ನೀರು ಹೆಚ್ಚು ತೆಗೆದುಕೊಳ್ಳುವ ಬೆಳೆಯವರು ದುರಸ್ತಿಗೂ ಹೆಚ್ಚು ಕೊಡಬೇಕು. ವರ್ಷವಿಡೀ ನೀರು ಬೇಡುವ ಬಾಳೆ ಕಬ್ಬಿಗೂ, ನಾಲ್ಕು ತಿಂಗಳ ಬೆಳೆಗೂ ಒಂದೇ ವಂತಿಗೆ ಇಡುವುದು ನ್ಯಾಯವಲ್ಲ.

ರಾಯನು ಒಂಬತ್ತು ವರ್ಷ ಕಾದಂತೆ, ಹೊಲ ಸಮ ಮಾಡಿಸಿಕೊಂಡು ಹನಿ ನೀರಾವರಿಗೆ ಬದಲಾಗುವ ಸಣ್ಣ ರೈತನಿಗೆ ಸಂಘವು ಕೆಲವು ವರ್ಷ ವಂತಿಗೆಯಲ್ಲಿ ರಿಯಾಯಿತಿ ಕೊಡಬೇಕು. ಅವನು ಉಳಿಸಿದ ನೀರು ಕೆಳಗಿನವನ ಗದ್ದೆಗೆ ಹೋಗುತ್ತದೆ.

ಸಂಶಯ ಹುಟ್ಟದಂತೆ ಲೆಕ್ಕ ಬಯಲಿನಲ್ಲಿರಬೇಕು. ಯಾವ ತೂಬಿಗೆ ಯಾವ ದಿನ ಎಷ್ಟು ತಾಸು ಎಂಬ ಸರದಿ ಪಟ್ಟಿಯನ್ನು ಸಂಘದ ಗೋಡೆಗೂ ಕಾಲುವೆ ಮೇಲಿನ ಗುಡಿಯ ಗೋಡೆಗೂ ಬರೆಸಬೇಕು. ಓದು ಬಾರದವರಿಗೆ ಓದಿ ಹೇಳಬೇಕು.

ಕೊನೆಯದು ಕಷ್ಟದ ಮಾತು. ಸಲಹಾ ಸಮಿತಿಯವರು ನೀರು ಕಡಿಮೆ ಎಂದು ಹೇಳಿದ ವರ್ಷ ಮೊದಲ ಸರದಿ ಕಾಲುವೆಯ ಕೊನೆಯವರಿಗೆ ಕೊಡಬೇಕು. ಸರ್ವ ಸದಸ್ಯರ ಸಭೆಗೆ ಈ ಸೂಚನೆ ಬಂದಾಗಲೆಲ್ಲ ಗದ್ದಲವಾಗಿ ಮುಂದಕ್ಕೆ ಹೋಗಿದೆ. ನಮ್ಮ ಹೊಲ ಇರುವುದೂ ಮೇಲ್ಭಾಗದಲ್ಲಿಯೇ. ಈ ನಿಯಮ ಬಂದರೆ ನಮಗೂ ನಷ್ಟವಿದೆ, ಬರದ ವರ್ಷ ನಮ್ಮ ಬಾಳೆಯೂ ಸೊರಗುತ್ತದೆ ಎಂದು ತಿಳಿದೇ ಹೇಳುತ್ತಿದ್ದೇವೆ. ಯಾಕಂದ್ರೆ ಕೊನೆಯ ಗದ್ದೆಯವನಿಗೆ ಎರಡು ವರ್ಷ ನೀರು ತಪ್ಪಿದರೆ ಅವನು ವಂತಿಗೆ ನಿಲ್ಲಿಸುತ್ತಾನೆ, ಮೂರನೇ ವರ್ಷ ಹೂಳೆತ್ತಲು ಬರುವುದಿಲ್ಲ, ನಾಲ್ಕನೇ ವರ್ಷ ಹೊಲ ಮಾರಿ ಬೆಂಗಳೂರಿಗೆ ದುಡಿಯಲು ಹೋಗುತ್ತಾನೆ. ಆಮೇಲೆ ಸಂಘದಲ್ಲಿ ಉಳಿಯುವವರು ಮೇಲ್ಭಾಗದ ನಾವೇ ಹತ್ತು ಮಂದಿ. ಹತ್ತು ಮಂದಿಯಿಂದ ಈ ಕಾಲುವೆ ಉಳಿಯುವುದಿಲ್ಲ. ಇಪ್ಪತ್ತು ಸಾವಿರ ಆಳಿದ್ದ ರಾಯನ ಕೆರೆಯೇ ನೋಡಿಕೊಳ್ಳುವವರಿಲ್ಲದೆ ಹೊಲವಾಯಿತು.

ಬರುವ ವಾರ್ಷಿಕ ಸಭೆಯಲ್ಲಿ ಈ ನಿಯಮವನ್ನು ಸದಸ್ಯರು ಶಾಂತ ಮನಸ್ಸಿನಿಂದ ಚರ್ಚಿಸಿ ಒಪ್ಪಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇವೆ.  ತಾಯಿ ಪಂಪಾಂಬಿಕೆ, ವಿರೂಪಾಕ್ಷಸ್ವಾಮಿ ಎಲ್ಲರಿಗೂ ಒಳ್ಳೆ ಮಳೆ ಬೆಳೆ ಕೊಡಲಿ. ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನ ಕೊನೆಯ ಗದ್ದೆಯಲ್ಲೂ ನೀರಿರಲಿ.

ಜೈ ಸಹಕಾರ.